ಸೌದೆ ರಾಶಿಯ ಹುಳು

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮೊಬೈಲಿಗೆ ಬಂದ ಮೇಲೂ ಒಂದು ಹಳೆಯ ರೂಢಿ ಮಾತ್ರ ಹೋಗಿರಲಿಲ್ಲ. ರೀಲರು, ಅಂದರೆ ರೇಷ್ಮೆಗೂಡು ಕೊಂಡು ನೂಲು ತೆಗೆಸುವವನು, ರೈತನ ಜಾಲರಿಗೆ ಕೈ ಹಾಕಿ ಒಂದು ಹಿಡಿ ಗೂಡು ಎತ್ತುತ್ತಾನೆ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಕಟಕಟ ಎಂದರೆ ಗೂಡು ಚೆನ್ನಾಗಿದೆ. ಸದ್ದೇ ಬಾರದಿದ್ದರೆ ಹುಳು ಒಳಗೇ ಕೊಳೆತು ಅಂಟಿಕೊಂಡಿದೆ. ಬೇಕೋ ಬೇಡವೋ, ಎತ್ತಿದ ಹಿಡಿಯನ್ನು ಅದೇ ಜಾಲರಿಗೆ ಹಾಕಿ ಮುಂದೆ ಹೋಗಬೇಕು. ನೆಲಕ್ಕೆ ಸುರಿಯುವಂತಿಲ್ಲ. ಸುರಿದರೆ, ಇದು ಯಾರೂ ಮುಟ್ಟಬಾರದ ಮಾಲು ಎಂದು ಊರಿಗೆಲ್ಲ ಸಾರಿದ ಹಾಗೆ.

ಆಷಾಢದ ಒಂದು ಬೆಳಿಗ್ಗೆ ರೀಲರು ಮಲ್ಲಿಕಾರ್ಜುನಸ್ವಾಮಿ ಅದನ್ನೇ ಮಾಡಿದ.

ಸುರಿದದ್ದು ಶಾಗ್ಯದ ಕವಿತಳ ಜಾಲರಿಯಿಂದ. ಹನೂರು ಕಡೆಯಿಂದ ಬರುವ ಗೂಡಿನಲ್ಲಿ ಅವಳದಕ್ಕೆ ಒಳ್ಳೆಯ ಹೆಸರಿತ್ತು. ಗಂಡ ಮಾದೇಶ್ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದ. ಹುಳು ಸಾಕುವುದು, ಗೂಡು ಬಿಡಿಸುವುದು, ಬಸ್ಸಿಗೆ ಹಾಕಿಕೊಂಡು ಬಂದು ಮಾರುವುದು ಅವಳದು. ಅವಳ ಗೂಡಿನ ಎಳೆ ತುಂಡಾಗುವುದಿಲ್ಲ ಎಂದು ಸ್ವಾಮಿಯೇ ಹತ್ತು ಜನರ ಎದುರು ಹೇಳಿದ್ದುಂಟು. ಅವಳ ಮಾಲು ಬಂದ ದಿನ ಬೇರೆಯವರು ಹರಾಜಿಗೆ ಕೈಹಾಕುವ ಮುಂಚೆ ಸ್ವಾಮಿಯ ಮುಖ ನೋಡುತ್ತಿದ್ದರು.

"ಕವಿತಾ, ಓದ್ಸಲದ ಗೂಡ್ನಲ್ಲಿ ಉಳ ತಂದಿದ್ದೆಯಲ್ಲವ್ವ. ಗೊತ್ತಿದ್ದೇ ತಂದ್ಯೋ, ಗೊತ್ತಿಲ್ದೆ ತಂದ್ಯೋ?" ಎಂದು ಕೇಳಿದ ಸ್ವಾಮಿ.

"ಯಾವ ಉಳ ಸಾ?"

"ಗೂಡು ಕೊರೆಯೋ ಉಳ. ನಿನ್ನ ಮಾಲಿಟ್ಟಿದ್ದ ರ‍್ಯಾಕ್ ತುಂಬ ಮರಿಗಳು ಓಡಾಡ್ತಾವೆ."

"ನಮ್ಮನೇಲಿ ಅಂಥದ್ದು ಯಾವತ್ತೂ ಕಂಡಿಲ್ಲ ಸಾ. ಒಂದೊಂದು ಬೆಳೆಗೂ ಮನೆ ತೊಳ್ದು, ಸುಣ್ಣ ಒಡ್ದು, ಔಷ್ದಿ ಒಡ್ದೇ ಸಾಕೋದು. ಬಂದು ನೋಡಿ ಬೇಕಾರೆ."

"ನಾನ್ ನೋಡಿದ್ದು ಸುಳ್ಳಾ ಅಂಗಾದ್ರೆ?"

ಹೀಗೆ ಕೇಳುತ್ತಲೇ ಅವನ ಕೈ ಜಾಲರಿಗೆ ಹೋಯಿತು. ಎತ್ತಿದ ಹಿಡಿಯನ್ನು ಕಿವಿಗೂ ಹಿಡಿಯಲಿಲ್ಲ. ಬೆರಳು ಬಿಚ್ಚಿದ. ಬಿಳಿ ಗೂಡುಗಳು ಸಿಮೆಂಟ್ ನೆಲದ ಮೇಲೆ ಪುಟಿದು ಅತ್ತಿತ್ತ ಉರುಳಿದವು.

ಪಕ್ಕದಲ್ಲಿದ್ದ ಪರಮೇಶ ಲೊಚಗುಟ್ಟಿದ. ಯಳಂದೂರಿನ ಹತ್ತಿರದ ಮಾಂಬಳ್ಳಿಯವನಾದ ಅವನೂ ರೀಲರೇ. "ಸ್ವಾಮಣ್ಣ ಸುರಿದ್ಮೇಲೆ ಇನ್ನೇನ್ಲಾ ಐತೆ! ಬನ್ರಲಾ ಮುಂದ್ಕೆ," ಎಂದು ಉಳಿದವರನ್ನು ಸಾಗಿಸಿಕೊಂಡು ಹೋದ.

ಕವಿತ ಬಗ್ಗಿ ಚೆದುರಿದ ಗೂಡುಗಳನ್ನು ಆರಿಸಿಕೊಂಡಳು. ಒಂದು ಗೂಡು ಸ್ವಾಮಿಯ ಚಪ್ಪಲಿಯ ಪಕ್ಕದಲ್ಲಿ ಬಿದ್ದಿತ್ತು. ಅವನು ಕಾಲು ಸರಿಸುವವರೆಗೂ ಬಗ್ಗಿಯೇ ಕಾದಳು. ಆರಿಸಿದ್ದನ್ನು ಜಾಲರಿಗೆ ಹಾಕಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ಅವಳ ಮಾಲಿಗೆ ಆ ದಿನ ಬಂದ ಒಂದೇ ಕೂಗು, ಹಾಳು ಗೂಡು ಕೊಳ್ಳುವವನದು. ಮನೆಗೆ ವಾಪಸು ಒಯ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದಕ್ಕೂ ಗತಿಯಿಲ್ಲ. ಕೊಟ್ಟು ಹೋದಳು.

ಸ್ವಾಮಿಗೆ ಆ ಹೊತ್ತಿನಲ್ಲಿ ತಪ್ಪು ಮಾಡಿದೆನೆಂದು ಅನ್ನಿಸಲಿಲ್ಲ. ಅವನು ಲೆಕ್ಕಾಚಾರದ ಮನುಷ್ಯ. ಕಣ್ಣಾರೆ ಕಾಣದ್ದನ್ನು ಹೇಳುವವನಲ್ಲ, ಹೇಳಿದ್ದನ್ನು ತಿರುಗಿಸುವವನಲ್ಲ ಎಂಬ ಹೆಸರು ಅವನ ಬೀದಿಯಲ್ಲಿತ್ತು. ಹುಳು ಕಂಡದ್ದು ನಿಜ. ಬೆಂಕಿಕಡ್ಡಿಯ ತುದಿಯಷ್ಟು ದಪ್ಪ, ಕಂದು ಬಣ್ಣ, ಗಟ್ಟಿ ಬೆನ್ನು. ಕಂಡದ್ದು ದಾಸ್ತಾನು ಕೋಣೆಯಲ್ಲಿ, ಜಾಲಂದ್ರದ ಪಕ್ಕದ ರ‍್ಯಾಕಿನಲ್ಲಿ. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆಂದು ಕವಿತಳ ಗೂಡನ್ನು ಹಬೆಯಲ್ಲಿ ಬೇಯಿಸಿ ಒಣಗಿಸಿ ಅಲ್ಲೇ ಹರವಿದ್ದ. ಅಪ್ಪನ ಕಾಲದಲ್ಲಿ ಒಮ್ಮೆ ಗೂಡು ಕೊರೆಯುವ ಹುಳು ಬಿದ್ದು ಇಡೀ ದಾಸ್ತಾನು ಜರಡಿಯಾಗಿದ್ದನ್ನು ಅವನು ನೋಡಿದ್ದ. ಆ ಹುಳು ಇದಕ್ಕಿಂತ ದೊಡ್ಡದು, ಕಪ್ಪು. ಹಾಗಾದರೆ ಇವು ಅದರ ಮರಿಗಳು ಎಂದುಕೊಂಡ. ಗೂಡುಗಳಲ್ಲಿ ತೂತು ಬಿದ್ದಿರಲಿಲ್ಲ. ಅದನ್ನೂ ಗಮನಿಸಿದ್ದ. ಇನ್ನೂ ಶುರು ಮಾಡಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದ.

ಅದೇ ಸಂಜೆ ರೀಲರುಗಳ ವಾಟ್ಸ್ಆ್ಯಪ್ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದ: ಶಾಗ್ಯದ ಗೂಡು ತಗೊಳ್ಳೋರು ಹುಳ ನೋಡ್ಕೊಂಡು ತಗೊಳ್ಳಿ. ಕವಿತಳ ಹೆಸರು ಹೇಳದೆ ಊರಿನ ಹೆಸರು ಹೇಳಿದ್ದು ದೊಡ್ಡತನವೆಂದೇ ಭಾವಿಸಿದ್ದ.

ಕೋಣೆಯನ್ನು ಖಾಲಿ ಮಾಡಿಸಿ, ತೊಳೆಸಿ, ಹೊಗೆ ಹಾಕಿಸಿದ. ಹುಳು ಮತ್ತೆ ಬಂದವು. ಈಗ ರ‍್ಯಾಕಿನಲ್ಲಿ ಒಂದು ಗೂಡೂ ಇರಲಿಲ್ಲ. ಸಂಜೆ ದೀಪ ಹಾಕಿದರೆ ಸಾಕು, ಖಾಲಿ ತಟ್ಟೆಗಳ ಮೇಲೆ ಹರಿದಾಡುತ್ತಿದ್ದವು.

"ಆಚೆಯಿಂದ ಬತ್ತಾವೆ ಕಣ್ರಿ," ಎಂದಳು ಹೆಂಡತಿ ಶಿವರತ್ನಮ್ಮ, ಪೊರಕೆ ಹಿಡಿದು ನಿಂತು. "ಜಾಲಂದ್ರ ದಾಟ್ಕಂಡು ಬತ್ತಾವೆ. ಗೂಡಿಲ್ದಿದ್ ಮೇಲೆ ಇಲ್ಲೇನು ಉಪವಾಸ ಮಾಡಕ್ಕೆ ಕುಂತಾವಾ ಅವು?"

ಜಾಲಂದ್ರದ ಆಚೆ, ಗೋಡೆಗೆ ಆನಿಸಿದಂತೆ, ಸೌದೆಯ ರಾಶಿಯಿತ್ತು. ಬೀದಿಯ ಚರಂಡಿ ಅಗಲ ಮಾಡುವಾಗ ಕಡಿದ ಮಳೆಮರದ ದಿಮ್ಮಿಗಳವು. ಬಾಯ್ಲರಿಗೆ ಆಗುತ್ತದೆಂದು ಸ್ವಾಮಿಯೇ ಕೊಂಡು ಪೇರಿಸಿದ್ದ. ಆಮೇಲೆ ಕಡಲೆಕಾಯಿ ಸಿಪ್ಪೆಯ ಇಟ್ಟಿಗೆ ಉರಿಸಲು ಶುರುಮಾಡಿ ಸೌದೆಯನ್ನು ಮರೆತಿದ್ದ. ಎರಡು ಮಳೆಗಾಲ ಅದರ ಮೇಲೆ ಹೋಗಿತ್ತು. ಅವತ್ತು ಹಿಂದಕ್ಕೆ ಹೋಗಿ ನೋಡಿದರೆ ದಿಮ್ಮಿಗಳ ಮೈಯಿಂದ ಅಣಬೆ ಎದ್ದಿತ್ತು. ಕೊಡೆಯಂಥ ಅಣಬೆಯಲ್ಲ, ಮರದಷ್ಟೇ ಗಟ್ಟಿಯಾದ ತಟ್ಟೆಗಳು. ಒಂದರ ಮೇಲೊಂದು ಗೂಡಂಗಡಿಯ ಹಲಗೆಗಳ ಹಾಗೆ ಜೋಡಿಸಿಕೊಂಡು, ಕಂದು ಬಣ್ಣದ ಬಳೆಬಳೆ, ಅಂಚಿಗೆ ಬಿಳಿ.

ಒಂದನ್ನು ಹಿಡಿದು ಮುರಿದ. ಒಳಗೆಲ್ಲ ಸಣ್ಣ ಸುರಂಗಗಳು, ಹಳೆಯ ಸ್ಪಂಜಿನ ಹಾಗೆ. ಪುಡಿ ಉದುರಿತು. ಪುಡಿಯ ಜೊತೆ ಅಂಗೈಗೆ ಬಿದ್ದವು ಆ ಹುಳುಗಳೇ: ಅದೇ ಕಡ್ಡಿ ತುದಿ, ಅದೇ ಕಂದು, ಅದೇ ಗಟ್ಟಿ ಬೆನ್ನು. ಸುರಂಗದೊಳಗೆ ಅವುಗಳ ನಿಜವಾದ ಮರಿಗಳು, ಬಿಳಿಯ ಮೆತ್ತನೆಯ ಪುಟ್ಟ ಹುಳುಗಳು, ಅಣಬೆಯನ್ನು ಕೊರೆದುಕೊಂಡು ತಮ್ಮ ಪಾಡಿಗೆ ಇದ್ದವು.

ಆಗಲೂ ಅವನು ಆತುರಪಡಲಿಲ್ಲ. ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು ಒಣಗಿಸಿ, ಅಣಬೆಯ ಒಂದು ತುಂಡು ಹಾಕಿದ. ಕವಿತಳ ಹಳೆಯ ಮಾಲಿನಲ್ಲಿ ಉಳಿದಿದ್ದ ಎರಡು ಗೂಡುಗಳನ್ನು ಅದರ ಪಕ್ಕ ಇಟ್ಟ. ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಹೋಗುತ್ತ ಬರುತ್ತ ನೋಡಿದ. ದಿನ ಕಳೆದ ಹಾಗೆ ಅಣಬೆಯ ಕೆಳಗೆ ಪುಡಿ ಹೆಚ್ಚಾಯಿತು. ಗೂಡು ಇಟ್ಟ ಹಾಗೇ ಇತ್ತು. ಒಂದು ಹುಳು ಗೂಡನ್ನು ಹತ್ತಿತು, ಬಂಡೆ ಹತ್ತಿದ ಹಾಗೆ ತುದಿಗೆ ಹೋಗಿ ಸುತ್ತ ನೋಡಿತು, ಇಳಿದು ಅಣಬೆಯೊಳಕ್ಕೆ ನುಗ್ಗಿತು. ಅದಕ್ಕೆ ರೇಷ್ಮೆ ಬೇಡ. ಹಸಿ ಮರವೂ ಬೇಡ. ಸತ್ತ ಮರವನ್ನು ಅಣಬೆ ತಿನ್ನಬೇಕು, ಅಣಬೆಯನ್ನು ಅದು ತಿನ್ನಬೇಕು. ದೀಪಕ್ಕೆ ದಾರಿ ತಪ್ಪಿ ಒಳಗೆ ಬಂದದ್ದಷ್ಟೆ.

ಅದನ್ನು ನೋಡುತ್ತ ನಿಂತಿದ್ದಾಗಲೇ ಅವನಿಗೆ ಇನ್ನೊಂದು ಮಾತು ಹೊಳೆದದ್ದು. ಮರಿ ಎಂದಿದ್ದೆನಲ್ಲ! ಬೆನ್ನಿಗೆ ರೆಕ್ಕೆಯ ಚಿಪ್ಪು ಬಂದ ಹುಳು ಮರಿ ಹೇಗಾದೀತು? ರೆಕ್ಕೆ ಬಂದ ಮೇಲೆ ಹುಳು ಬೆಳೆಯುವುದಿಲ್ಲ. ಗೂಡಿನಿಂದ ಬಂದ ರೇಷ್ಮೆ ಚಿಟ್ಟೆ ಮಾರನೆಯ ದಿನ ದೊಡ್ಡದಾಗುತ್ತದೆಯೇ? ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ನಾಲ್ಕು ಮಾತು ಎಣಿಸಿಯೇ ಅವನ ಮನೆಯಲ್ಲಿ ಮೂರು ತಲೆಮಾರು ಅನ್ನ ಉಂಡಿತ್ತು. ಅಂಥವನು ಮಾರುಕಟ್ಟೆಯ ನಡುವೆ ನಿಂತು ಮರಿ ಎಂದಿದ್ದ. ಕಿವಿಯ ತುದಿ ಬಿಸಿಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಹಿಂದಕ್ಕೆ ತಿರುಗಿ ನೋಡಿದ.

ಗೊತ್ತಾದ ಕೂಡಲೇ ಶಾಗ್ಯಕ್ಕೆ ಫೋನು ಮಾಡಿದ್ದರೆ ಅದು ಒಂದು ತಪ್ಪಾಗಿ ಉಳಿಯುತ್ತಿತ್ತು. ಸ್ವಾಮಿ ಹಾಗೆ ಮಾಡಲಿಲ್ಲ. ಆಳುಗಳಿಗೂ ಹೇಳದೆ, ತಾನೇ ಲುಂಗಿ ಎತ್ತಿ ಕಟ್ಟಿ, ಇಡೀ ರಾಶಿಯನ್ನು ಬಾಯ್ಲರಿನ ಬಾಯಿಗೆ ಸಾಗಿಸಿದ. ಅಣಬೆ ಸಮೇತ ದಿಮ್ಮಿ ಉರಿಯಿತು. ಕಾವು ಏರಿದ ಹಾಗೆ ಹುಳುಗಳು ಸುರಂಗದಿಂದ ಹೊರಬಂದು ದಿಮ್ಮಿಯ ತುದಿಗೆ ಓಡಿದವು. ತುದಿಯಿಂದಾಚೆ ಹೋಗಲು ಜಾಗವಿರಲಿಲ್ಲ. ಅವನು ಬಾಗಿಲು ಮುಚ್ಚಿದ.

"ಆಚೆ ಎಲ್ಲ ಕ್ಲೀನ್ ಮಾಡ್ದೆ," ಎಂದ ಹೆಂಡತಿಗೆ.

ಶಿವರತ್ನಮ್ಮ ಕಿಟಕಿಯ ಕಟ್ಟೆಯತ್ತ ನೋಡಿದಳು. "ಆ ಬಾಟ್ಲಿ?"

ಅದನ್ನು ಉರಿಗೆ ಹಾಕಲು ಅವನ ಕೈ ಬಂದಿರಲಿಲ್ಲ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಕಂಡದ್ದನ್ನು ಇಲ್ಲ ಎನ್ನುವ ಅಭ್ಯಾಸ ಇನ್ನೂ ಪೂರ್ತಿ ಆಗಿರಲಿಲ್ಲವೇನೋ.

"ಇರ್ಲಿ ಬುಡು."

"ಇರ್ಲಿ," ಎಂದಳು ಅವಳು. "ಆ ಕವಿತ ಓದೊರ್ಸ ಅವರೆಕಾಯಿ ತಂದ್ಕೊಟ್ಟಿದ್ಲು. ನಿಮ್ಗೆ ಸೊಗಡು ಇಷ್ಟ ಅಂತ ಆರ್ಸಿ ತಂದಿದ್ಲು." ಅಷ್ಟು ಹೇಳಿ ಒಳಗೆ ಹೋದಳು.

ಅಲ್ಲಿಂದ ಮುಂದೆ ಸ್ವಾಮಿಗೆ ಪೇಟೆಯಲ್ಲಿ ನಡೆಯುವುದೇ ಕಷ್ಟವಾಯಿತು. ಕೊಳ್ಳೇಗಾಲದಲ್ಲಿ ಕಡಿದ ಮರಗಳ ಬುಡ ಇಷ್ಟಿವೆ ಎಂದು ಅವನು ಎಂದೂ ನೋಡಿದವನಲ್ಲ. ಈಗ ಬಸ್ ನಿಲ್ದಾಣದ ಕಾಂಪೌಂಡಿನ ಮೂಲೆಯಲ್ಲಿ, ಟೀ ಅಂಗಡಿಯ ಬೆಂಚಿನ ಪಕ್ಕದಲ್ಲಿ, ಶಾಲೆಯ ಗೇಟಿನೆದುರು, ಎಲ್ಲಿ ಬುಡವಿತ್ತೋ ಅಲ್ಲೆಲ್ಲ ಆ ಕಂದು ತಟ್ಟೆಗಳು ಕಣ್ಣಿಗೆ ಬೀಳುತ್ತಿದ್ದವು. ಒಂದೆರಡನ್ನು ಉಗುರಿನಿಂದ ಕೆರೆದೂ ನೋಡಿದ. ಎಲ್ಲದರಲ್ಲೂ ಹುಳುಗಳು. ಲಾರಿ ಹೊಗೆಯ ನಡುವೆ, ಉಗಿದ ಎಲೆಅಡಿಕೆಯ ನಡುವೆ, ಯಾರ ಗೂಡನ್ನೂ ಮುಟ್ಟದೆ ಇದ್ದವು. ತಾನು ಉರಿಸಿದ್ದು ಪೇಟೆಯಲ್ಲಿರುವುದರ ಒಂದು ಚೂರು ಮಾತ್ರ. ಕೊಳ್ಳೇಗಾಲದಲ್ಲಿ ಯಾರು ಬೇಕಾದರೂ ಒಂದು ಅಣಬೆ ಮುರಿದು ನೋಡಬಹುದಿತ್ತು. ಯಾರೂ ನೋಡುವುದಿಲ್ಲ ಎಂಬುದೇ ಅವನಿಗಿದ್ದ ರಕ್ಷಣೆ.

ಒಂದು ಮಧ್ಯಾಹ್ನ ಪರಮೇಶ ಸ್ವಾಮಿಯ ತಕ್ಕಡಿಯಲ್ಲಿ ನೂಲು ತೂಗಿಸಲು ಬಂದವನು ನಗುತ್ತ ಕುಳಿತ.

"ಅಣ್ಣ, ನಿನ್ ವಾಯ್ಸ್ ಮೆಸೇಜು ಎಲ್ಲಿಗಂಟ ಓಗದೆ ಗೊತ್ತಾ? ಶಾಗ್ಯ ಅಂದ್ರೆ ಸಾಕು, ಜನ ಜಾಲರಿ ಕಡೀಕೇ ತಿರ್ಗಲ್ಲ ಈಗ. ಮೊನ್ನೆ ಅಲ್ಲೀ ಇನ್ಯಾರೋ ಮುದ್ಕ ಬಂದಿದ್ದ. ಅವ್ನ ಗೂಡು ಚಿನ್ನದಂಗಿತ್ತು ಕಣಣ್ಣ. ಉಳ ಅದಾ ಅಂತ ಗೂಡೊಂದೊಂದ್ನೂ ಬಿಸ್ಲಿಗಿಡ್ದು ನೋಡಿ ಕೈಬಿಟ್ರು. ಪಾಪ, ಆ ಕವಿತನ್ನ ಊರೋರೇ ಬೈತಾವ್ರಂತೆ, ನಿನ್ನಿಂದ ನಮ್ಗೂ ಬಂತು ಅಂತ."

"ಅವ್ಳು ಎಲ್ಲಿಗೆ ಆಕ್ತಾ ಅವ್ಳೆ ಈಗ?"

"ಎಲ್ಲಿಗಾಕ್ತಾಳೆ? ಸೋಮಾರ ಇಲ್ಲಿಗೇ ಬತ್ತಾಳಂತೆ. ಬರ್ಲಿ, ಬಂದು ಮಾಡೋದೇನು."

ಸೋಮವಾರ ಸ್ವಾಮಿ ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಂಡು ಮಾರುಕಟ್ಟೆಗೆ ಹೋದ. ಕವಿತಳ ಜಾಲರಿ ಕೊನೆಯ ಸಾಲಿನಲ್ಲಿ, ಕಕ್ಕಸಿನ ಗೋಡೆಯ ಪಕ್ಕದಲ್ಲಿತ್ತು. ಅವಳು ಅದರ ಹಿಂದೆ ನಿಂತಿದ್ದಳು. ಅವನನ್ನು ಕಂಡು ಮುಖ ತಿರುಗಿಸಲೂ ಇಲ್ಲ, ನಮಸ್ಕಾರವನ್ನೂ ಮಾಡಲಿಲ್ಲ. ಜಾಲರಿಯ ಸುತ್ತ ಜಾಗ ಖಾಲಿಯಿತ್ತು.

ಅವನು ಅಲ್ಲೇ ನಿಂತು ಪರಮೇಶನನ್ನೂ ಉಳಿದವರನ್ನೂ ಕೂಗಿದ. ಬಾಟಲಿ ಎತ್ತಿ ತೋರಿಸಿದ.

"ನೋಡ್ರಪ್ಪ. ನಾನು ಅವತ್ತು ಏಳಿದ್ದು ತಪ್ಪು. ಇದು ಗೂಡಿನ ಉಳ ಅಲ್ಲ. ಮರದಣಬೆ ಉಳ. ನಮ್ಮನೆ ಸೌದೇಲಿ ಇದ್ದದ್ದು. ಈ ಎರಡು ಗೂಡು ಇವಳ್ದೇ. ಇಷ್ಟು ದಿನ ಜೊತೇಲಿಟ್ಟಿದ್ರೂ ಮುಟ್ಟಿಲ್ಲ. ಇವಳ ಮಾಲಲ್ಲಿ ಏನೂ ಇಲ್ಲ."

ಬಾಟಲಿ ಕೈಯಿಂದ ಕೈಗೆ ಹೋಯಿತು. ಒಬ್ಬ ಅಲ್ಲಾಡಿಸಿದ. ಇನ್ನೊಬ್ಬ ಮೂಸಿ, "ಉಪ್ಪಿನ್ಕಾಯಿ ವಾಸ್ನೆ ಬತ್ತದೆ," ಎಂದ. ಜನ ನಕ್ಕರು. ಮತ್ತೊಬ್ಬ ಗೂಡಿನ ಪಕ್ಕ ಓಡುತ್ತಿದ್ದ ಹುಳುವನ್ನು ಕಂಡು, "ಉಳ ಅಂತೂ ಅದೆ," ಎಂದು ಗೊಣಗಿದ.

ಪರಮೇಶ ಸ್ವಾಮಿಯ ಹೆಗಲ ಮೇಲೆ ಕೈ ಹಾಕಿದ. "ಸ್ವಾಮಣ್ಣ, ನಿನ್ ಮನ್ಸು ದೊಡ್ಡದು ಕಣಣ್ಣ. ಎಣ್ಮಗಳ ಒಟ್ಟೆ ಮೇಲೆ ಒಡೀಬಾರ್ದು ಅಂತ ಎಲ್ಲಾನೂ ನಿನ್ ಮೇಲೇ ಆಕ್ಕೋತಾ ಇದ್ದೀಯ. ಯಾರ್ ಮಾಡ್ತಾರೆ ಈ ಕಾಲ್ದಲ್ಲಿ?"

"ಔದು ಔದು," ಎಂದರು ಸುತ್ತ ನಿಂತವರು. ಒಬ್ಬ ಕೈ ಮುಗಿದ. ಯಾರ ಕೈಯೂ ಜಾಲರಿಗೆ ಹೋಗಲಿಲ್ಲ.

ಸ್ವಾಮಿ ಕವಿತಳ ಕಡೆ ನೋಡಿದ. ಅವನಿಗೆ ಆಗ ಅರ್ಥವಾಯಿತು. ತಪ್ಪೊಪ್ಪಿಕೊಂಡು ಅವಳ ಹೆಸರು ಉಳಿಸಲು ಬಂದವನಿಗೆ ಇನ್ನಷ್ಟು ಹೆಸರು ಬಂದಿತ್ತು, ಜನರ ಕಣ್ಣಿಗೆ ಅವಳ ಗೂಡಿನಲ್ಲಿ ಹುಳು ಹಾಗೇ ಉಳಿದಿತ್ತು. ಪರಮೇಶನ ಕೈ ಇನ್ನೂ ಹೆಗಲ ಮೇಲಿತ್ತು. ಅದು ಹಿತವಾಗಿಯೂ ಇತ್ತು. ಸುಮ್ಮನಿದ್ದರೆ ಸಾಕಿತ್ತು, ನಾನು ಹೇಳಬೇಕಾದ್ದು ಹೇಳಿದೆ ಎಂದುಕೊಂಡು ಮನೆಗೆ ಹೋಗಬಹುದಿತ್ತು.

"ಕೈ ತೆಗಿಲಾ," ಎಂದ.

"ಯಾಕಣ್ಣ?"

"ಸೌದೆ ಎಲ್ಲಿ ಅಂತ ಕೇಳು."

"ಎಲ್ಲಿ?"

"ಸುಟ್ಟಾಕ್ದೆ. ಅಣಬೆ ಮುರ್ದು ನೋಡ್ದೆ, ಉಳ ಕಂಡ್ವು, ನನ್ ತಪ್ಪು ಅಂತ ಗೊತ್ತಾಯ್ತು. ಗೊತ್ತಾದ್ಮೇಲೆ ನಾನೇ ಒತ್ಕಂಡೋಗಿ ಬಾಯ್ಲರ್‌ಗಾಕ್ದೆ. ಆಳ್ಗೋಳ್ಗೂ ಏಳ್ಲಿಲ್ಲ. ಯಾರ್ಗೂ ಗೊತ್ತಾಗ್ಬಾರ್ದು ಅಂತ. ಇವಳ ಎಸ್ರು ಓದ್ರೆ ಓಗ್ಲಿ, ನನ್ ಎಸ್ರು ಉಳೀಲಿ ಅಂತ. ಸಾಕಾ?"

ಮಾತು ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಆಚೆ ಸಾಲಿನವರೂ ತಿರುಗಿ ನೋಡಿದರು. ಪರಮೇಶನ ಕೈ ತಾನಾಗಿ ಕೆಳಗಿಳಿಯಿತು. ನಗು ಮುಖದಲ್ಲೇ ಅರ್ಧಕ್ಕೆ ನಿಂತಿತ್ತು. ಇಷ್ಟು ವರ್ಷ ಯಾವ ಮುಖವನ್ನು ನೋಡಿ ಹರಾಜು ಕೂಗುತ್ತಿದ್ದನೋ ಆ ಮುಖವನ್ನು ಈಗ ಸಂಶಯದ ಮಾಲು ನೋಡಿದ ಹಾಗೆ ನೋಡಿದ.

"ಥೂ, ಅಣ್ಣ," ಎಂದ ಮೆಲ್ಲಗೆ.

ಈ ಮಾತನ್ನು ಎಲ್ಲರೂ ನಂಬಿದರು. ಒಬ್ಬನೂ ಸಾಕ್ಷಿ ಕೇಳಲಿಲ್ಲ.

ಪರಮೇಶ ಜಾಲರಿಯ ಹತ್ತಿರ ಹೋದ. ಕೈ ಹಾಕಿ ಒಂದು ಹಿಡಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಸದ್ದು ಸ್ವಾಮಿಗೂ ಕೇಳಿಸಿತು, ಒಣ ಹುರುಳಿಯ ಹಾಗೆ ಸ್ಪಷ್ಟವಾಗಿ. ಹಿಡಿಯನ್ನು ಜಾಲರಿಗೆ ಹಾಕಿದ. ಅವನ ಹಿಂದೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಸ್ವಾಮಿಯೂ ಮುಂದೆ ಹೋಗಿ ಕೈ ಚಾಚಿದ. ಕವಿತ ತನ್ನ ಅಂಗೈಯನ್ನು ಜಾಲರಿಯ ಅಂಚಿಗೆ ಅಡ್ಡ ಇಟ್ಟಳು.

"ನೀವು ಬ್ಯಾಡಿ ಸಾ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹರಾಜು ಶುರುವಾದಾಗ ಮೊಬೈಲಿನಲ್ಲಿ ಎಲ್ಲರಿಗಿಂತ ಮೇಲಿನ ಬೆಲೆ ಒತ್ತಿದ. ಮಾರುಕಟ್ಟೆಯ ನಿಯಮದಂತೆ ಬೆಲೆ ಒಪ್ಪುವುದು ಬಿಡುವುದು ರೈತನ ಇಷ್ಟ. ಕವಿತ ಪರದೆಯ ಮೇಲೆ ಅವನ ನಂಬರು ನೋಡಿದಳು, ಬೇಡ ಎಂದು ಬರೆಸಿದಳು. ಎರಡನೆಯ ಸುತ್ತಿನಲ್ಲಿ ಸ್ವಾಮಿ ಫೋನನ್ನು ಜೇಬಿನಿಂದ ತೆಗೆಯಲಿಲ್ಲ. ಮೊದಲ ಸುತ್ತಿನಲ್ಲಿ ತಾನು ಒತ್ತಿದ್ದು ಗೂಡಿನ ಬೆಲೆಯಾಗಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು. ಪರಮೇಶನ ಕೂಗಿಗೆ ಮಾಲು ಹೋಯಿತು, ಸ್ವಲ್ಪ ಕಡಿಮೆಗೆ. ಅವಳು ಒಪ್ಪಿದಳು.

ಸ್ವಾಮಿ ಗೇಟಿನ ಹೊರಗೆ ನಿಂತು ಗುಂಪಿಗೆ ಮತ್ತೊಂದು ಧ್ವನಿ ಸಂದೇಶ ಕಳಿಸಿದ. ಒಳಗೆ ಹೇಳಿದ್ದನ್ನೇ, ಸುಟ್ಟದ್ದನ್ನೂ ಸೇರಿಸಿ, ಹೇಳಿದ. ಫೋನು ಜೇಬಿಗೆ ಹಾಕುವಾಗ ಹಿಂದೆ ಅವಳು ನಿಂತಿದ್ದಳು. ಖಾಲಿ ಜಾಲರಿಗಳನ್ನು ಮಡಚಿ ಕಂಕುಳಲ್ಲಿ ಹಿಡಿದಿದ್ದಳು.

"ಆ ಬಾಟ್ಲಿ ಕೊಡಿ ಸಾ."

"ಯಾಕವ್ವ?"

"ಊರಲ್ಲಿ ತೋರ್ಸ್ಬೇಕು. ನಿಮ್ಮ ಮಾತ ನಾ ಒತ್ಕಂಡೋಗಕಾದದಾ? ನಾನೇ ಕಟ್ಟಿ ಏಳ್ತೀನಿ ಅಂತಾರೆ."

"ನಾನೇ ಬತ್ತೀನಿ ಶಾಗ್ಯಕ್ಕೆ. ಎಲ್ರ ಮುಂದೂ ಏಳ್ತೀನಿ."

"ಬ್ಯಾಡಿ. ನೀವು ಬಂದ್ರೆ ನಿಮ್ಗೆ ಕುರ್ಚಿ ಆಕ್ಬೇಕು, ಕಾಪಿ ಕಾಯಿಸ್ಬೇಕು. ನಮ್ಮತ್ತೆ ಕೈ ಮುಗೀತಾರೆ. ನಂಗೆ ನೋಡಕ್ಕಾಗಲ್ಲ."

ಅವನು ಚೀಲದಿಂದ ಬಾಟಲಿ ತೆಗೆದು ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ತನ್ನ ಎರಡು ಗೂಡುಗಳನ್ನು ನೋಡಿದಳು, ಅಣಬೆಯನ್ನು ನೋಡಿದಳು. ಹನೂರು ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲು ಹತ್ತುವಾಗ ಅವನಿಗೆ ಇನ್ನೇನಾದರೂ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಇಷ್ಟೇ:

"ಬಾಟ್ಲಿ ಬಾಯಿನ ಬಟ್ಟೆ ಬಿಚ್ಬ್ಯಾಡವ್ವ, ಉಳ ಆರೋಯ್ತಾವೆ. ಬಿಸ್ಲಲ್ಲೂ ಇಡ್ಬ್ಯಾಡ, ಅಣಬೆ ಒಣ್ಗಿದ್ರೆ ಸತ್ತೋಯ್ತಾವೆ."

ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಉಳ ಸಾಕೋದು ನಂಗೊತ್ತು ಸಾ," ಎಂದಳು.